ಚಿಗರಿ ಮರಿ ಮತ್ತು ಹತ್ತೊಂಬತ್ತು ನಾಯಿಗಳು

ಆಶ್ರಮಕ್ಕೆ ಬರುವ ಮೊದಲು ಚಂದ್ರಾಮ ಹನ್ನೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದ. ಓಡುವ ಬಸ್ಸಿನಲ್ಲಿ ನಿಂತೇ ಬದುಕಿದವನಿಗೆ ಒಂದು ಕಡೆ ಕೂತಿರುವುದು ಬರುತ್ತಿರಲಿಲ್ಲ.

ಗಂಗಮಾಳವ್ವನವರ ಆಶ್ರಮ ಹಳ್ಳದ ದಂಡೆಯ ಮೇಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಹಳ್ಳದ ಆಚೆ ಕಣ್ಣು ಹಾಯುವವರೆಗೆ ಬರೀ ಹುಲ್ಲು. ಆ ಹುಲ್ಲಿನಲ್ಲಿ ಚಿಗರಿಗಳಿದ್ದವು. ಕೃಷ್ಣಮೃಗವನ್ನು ಆ ಸೀಮೆಯವರು ಚಿಗರಿ ಎನ್ನುತ್ತಾರೆ. ತೋಳಗಳೂ ಇದ್ದವು, ನರಿಗಳೂ ಇದ್ದವು.

ಎಲ್ಲರೂ ಧ್ಯಾನಕ್ಕೆ ಕೂತಾಗ ಚಂದ್ರಾಮ ಗಳಿಗೆಗೊಮ್ಮೆ ಕಾಲು ಬದಲಿಸುತ್ತಿದ್ದ. ಆಮೇಲೆ ಮೆಲ್ಲಗೆ ಎದ್ದು ಹೋಗುತ್ತಿದ್ದ.

"ಅವ್ವಾರ, ನನಗ ಕುಂದ್ರಾಕ ಆಗವಲ್ದು," ಎಂದ ಒಂದು ದಿನ. "ಕಣ್ಣು ಮುಚ್ಚಿದ್ರ ಒಳಗ ಬಸ್ ಓಡಾಕ ಹತ್ತತೈತಿ."

"ಹಂಗಾದ್ರ ಕುಂದ್ರಬ್ಯಾಡ," ಎಂದರು ಅವ್ವ. "ದಾಸೋಹದ ಕೆಲಸ ನೋಡ್ಕೋ."

ಆಶ್ರಮಕ್ಕೆ ಬಂದವರಿಗೆಲ್ಲ ಊಟವಿತ್ತು. ಅಮಾವಾಸ್ಯೆಯ ದಿನವಂತೂ ಉಂಡು ಉಳಿದ ಅನ್ನವೇ ಒಂದು ಕೊಪ್ಪರಿಗೆ ಆಗುತ್ತಿತ್ತು. ಅದನ್ನು ಹಳ್ಳದಾಚೆ ಚೆಲ್ಲಿ ಬರುವುದು ಚಂದ್ರಾಮನ ಕೆಲಸ.

ಒಂದು ಮಧ್ಯಾಹ್ನ ಒಂದು ಕರಿಯ ಹೆಣ್ಣುನಾಯಿ ಕುಂಟುತ್ತ ಬಂತು. ಪಕ್ಕೆಲುಬು ಎಣಿಸುವಂತಿತ್ತು. ಚಂದ್ರಾಮ ಅನ್ನ ಹಾಕಿದ. ಅದಕ್ಕೆ ಕಾಳಿ ಎಂದು ಹೆಸರಿಟ್ಟ.

ವಾರದಲ್ಲಿ ಇನ್ನೆರಡು ನಾಯಿ ಬಂದವು. ಕಾಳಿ ಮರಿ ಹಾಕಿತು. ಮೂರು ವರ್ಷಕ್ಕೆ ಹತ್ತೊಂಬತ್ತಾದವು.

"ಬರ್ರಿ, ಬರ್ರಿ, ಮುಂದ ಸರೀರಿ!" ಎಂದು ಚಂದ್ರಾಮ ಕೂಗಿದರೆ ಹತ್ತೊಂಬತ್ತೂ ಬಾಲ ಆಡಿಸುತ್ತ ಸಾಲಾಗಿ ನಿಲ್ಲುತ್ತಿದ್ದವು. ಭಕ್ತರು ನೋಡಿ ನಗುತ್ತಿದ್ದರು. ಕೆಲವರು ಕೈ ಮುಗಿಯುತ್ತಿದ್ದರು.

"ಅವ್ವಾರ, ಅವು ತಿನ್ನೂ ಹೊತ್ತಿನ್ಯಾಗ ನನ್ನ ಮನಸು ನಿಲ್ಲತೈತಿ," ಎಂದ.

ಅವ್ವ ಮುಗುಳ್ನಕ್ಕು ಒಳಗೆ ಹೋದರು.

ಮಾಘ ಮಾಸದ ಒಂದು ಬೆಳಗ್ಗೆ ಕುರಿ ಕಾಯುವ ಮಾಳಿಂಗರಾಯ ಹಳ್ಳ ದಾಟಿ ಬಂದ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಹೆಗಲ ಕಂಬಳಿಯನ್ನು ಮಡಿಲ ಹಾಗೆ ಹಿಡಿದಿದ್ದ. ಅದನ್ನು ಚಂದ್ರಾಮನ ಮುಂದೆ ಬಿಚ್ಚಿದ.

ಒಳಗೆ ಚಿಗರಿ ಮರಿ. ಹುಟ್ಟಿ ನಾಲ್ಕು ದಿನವೂ ಆಗಿರಲಿಕ್ಕಿಲ್ಲ. ಹಿಂಗಾಲು ಹರಿದಿತ್ತು. ಇನ್ನೂ ಉಸಿರಾಡುತ್ತಿತ್ತು.

"ನಿನ್ನ ನಾಯಿ," ಎಂದ ಮಾಳಿಂಗರಾಯ.

"ಇಲ್ಲ ಕಾಕಾ. ತೋಳ ಇರಬೇಕು."

"ತೋಳ ಹಿಡಿದ್ರ ತಿಂತೈತಿ ತಮ್ಮಾ. ಇದನ್ನ ಎಳದಾಡಿ ಬಿಟ್ಟು ಹೋಗ್ಯಾವ. ಹೊಟ್ಟಿ ತುಂಬಿದವು ಮಾಡೂ ಕೆಲಸ ಇದು."

ಚಂದ್ರಾಮ ಮರಿಯನ್ನು ತೊಡೆಯ ಮೇಲೆ ತೆಗೆದುಕೊಂಡ. ನೀರಲ್ಲಿ ಅದ್ದಿದ ಅರಿವೆಯನ್ನು ಬಾಯಿಗೆ ಹಿಡಿದ. ಮರಿ ನೀರು ಕುಡಿಯಲಿಲ್ಲ. ಕಣ್ಣು ತೆರೆದುಕೊಂಡೇ ಸತ್ತಿತು.

"ಮೊದಲ ಈ ಹುಲ್ಲಿನ್ಯಾಗ ತೋಳದ ಜೋಡಿ ಇತ್ತು," ಎಂದ ಮಾಳಿಂಗರಾಯ, ಕಂಬಳಿ ಕೊಡವುತ್ತ. "ಹ್ವಾದ ವರ್ಷದಿಂದ ಕಾಣವಲ್ದು. ನಿನ್ನ ಹಿಂಡಿನ ಮುಂದ ಎರಡು ತೋಳ ಎಲ್ಲಿ ನಿಲ್ತಾವ? ಒಂದು ನರಿ ನಡುಹಗಲಾಗ ಗಾಣದ ಎತ್ತಿನಂಗ ಸುತ್ತು ಹಾಕಿ ಹಾಕಿ ಸತ್ತಿತು. ನಾಯಿ ರೋಗ ಅದು."

ಅವನು ಬೈಯಲಿಲ್ಲ. ಅದನ್ನೇ ಚಂದ್ರಾಮನಿಗೆ ತಡೆಯಲಾಗಲಿಲ್ಲ.

ಅವ್ವನ ಕೋಣೆಗೆ ಓಡಿ ಹೋದ. "ಅವ್ವಾರ, ಹಸದವಕ್ಕ ಅನ್ನ ಹಾಕೂದು ತಪ್ಪೇನ್ರಿ?"

ಅವ್ವ ಅವನ ಪಂಚೆಯ ಮೇಲಿನ ರಕ್ತ ನೋಡಿದರು.

"ನಾಳೆ ನಸುಕಿನ್ಯಾಗ ನಾಯಿ ಹಿಂದ ಹೋಗು," ಎಂದರು. "ಅನ್ನ ಒಯ್ಯಬ್ಯಾಡ. ನೋಡಿ ಬಾ."

ಚಂದ್ರಾಮ ಹೋದ.

ನಾಯಿಗಳು ಹಳ್ಳ ದಾಟುವವರೆಗೆ ಅವನು ಬಲ್ಲ ನಾಯಿಗಳೇ ಆಗಿದ್ದವು. ದಾಟಿದ ಮೇಲೆ ಬೇರೆಯಾದವು. ಬಾಲ ನೆಟ್ಟಗಾದವು. ಸದ್ದಿಲ್ಲದೆ ಎರಡು ಗುಂಪಾಗಿ ಹುಲ್ಲಿನಲ್ಲಿ ಹರಡಿಕೊಂಡವು. ಮುಂದೆ ಕಾಳಿ.

ಒಂದು ಹೆಣ್ಣು ಚಿಗರಿ ಅವುಗಳ ಎದುರಿಗೇ ಅಡ್ಡ ಓಡಿತು. ದೂರ ಹೋಗಲಿಲ್ಲ. ಹತ್ತು ಮಾರು ಓಡಿ ನಿಂತಿತು, ಮತ್ತೆ ಓಡಿತು, ಮತ್ತೆ ನಿಂತಿತು. ನಾಯಿಗಳನ್ನು ತನ್ನ ಹಿಂದೆ ಕರೆದೊಯ್ಯಲು ನೋಡುತ್ತಿತ್ತು. ಹುಲ್ಲಿನಲ್ಲಿ ಎಲ್ಲೋ ಮರಿ ಮಲಗಿಸಿತ್ತು ಅದು.

ನಾಯಿಗಳು ಅದರ ಹಿಂದೆ ಹೋಗಲಿಲ್ಲ. ಹುಲ್ಲು ಮೂಸುತ್ತ ಸುತ್ತುಗಟ್ಟಿದವು.

ಚಂದ್ರಾಮನಿಗೆ ಒಂದು ಸಣ್ಣ ಕೂಗು ಕೇಳಿಸಿತು.

"ಕಾಳೀ!" ಎಂದು ಕಿರುಚಿದ. "ಕಾಳೀ, ಬಿಡು!"

ಎಲ್ಲ ನಾಯಿಗಳೂ ತಲೆ ಎತ್ತಿದವು. ಅವನನ್ನು ಗುರುತು ಹಿಡಿದವು. ಸಂತೋಷದಿಂದ ಓಡಿ ಬಂದವು. ಬಾಲ ಆಡಿಸಿದವು, ಮೈಮೇಲೆ ನೆಗೆದವು. ಕಾಳಿ ಅವನ ಕೈ ನೆಕ್ಕಿತು. ಅದರ ಮೂತಿಯ ರಕ್ತ ಅವನ ಬೆರಳಿಗೆ ಹತ್ತಿತು.

ಅಲ್ಲಿ ತಾಯಿ ಚಿಗರಿ ಮರಿ ಮಲಗಿದ್ದ ಕಡೆ ಬಂದು ತಲೆ ಬಗ್ಗಿಸಿ ಮೂಸಿ ನೋಡಿತು. ತಲೆ ಎತ್ತಿತು. ಮತ್ತೆ ಮೂಸಿ ನೋಡಿತು.

ಆಶ್ರಮಕ್ಕೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಪಕ್ಕದ ಹೊಲದ ಗುಡಿಸಲಿಗೆ ಹೋಗಿ ತೊಗರಿಗೆ ಹೊಡೆಯುವ ವಿಷದ ಬಾಟಲಿ ತಂದ. ಮಧ್ಯಾಹ್ನ ಉಳಿದ ಅನ್ನಕ್ಕೆ ಸುರಿದು ಕಲಸಿದ.

ಕೊಪ್ಪರಿಗೆ ಎತ್ತುವಷ್ಟರಲ್ಲಿ ಗಂಗಮಾಳವ್ವ ಬಂದರು. ಕೈಯಲ್ಲಿ ತಮ್ಮ ಊಟದ ತಟ್ಟೆ. ಅವನ ಎದುರಿಗೆ ನೆಲದ ಮೇಲೆ ಕೂತರು.

"ನನಗೂ ನೀಡು," ಎಂದರು.

"ಬ್ಯಾಡ್ರಿ ಅವ್ವಾರ! ಇದರಾಗ…"

"ಗೊತ್ತೈತಿ. ವಾಸನಿ ಅಡಗಿಮನಿ ತನಕ ಬಂದೈತಿ. ನೀಡು."

"ನಿಮಗ್ಯಾಕ್ರಿ ಇದು? ತಪ್ಪು ಮಾಡಿದ್ದು ನಾಯಿ."

"ನಾಯಿನ ಕರದಾವ ನೀ. ಕಂಡೂ ಸುಮ್ಮನಿದ್ದಾಕಿ ನಾ. ಚಂದ್ರಾಮನ ಮನಸು ನಿಂತ್ರ ಸಾಕು ಅನ್ಕೊಂಡೆ. ಹೊರಗ ಏನು ಸಾಯಾಕತ್ತೈತಿ ಅಂತ ನೋಡಲಿಲ್ಲ. ಪಂಗತ್ಯಾಗ ಮೊದಲ ನಾ ಕುಂದ್ರಬೇಕು, ಆಮ್ಯಾಲೆ ನೀ, ಕಡೀಗೆ ನಾಯಿ." ಅವ್ವ ಕೊಪ್ಪರಿಗೆಗೆ ಕೈ ಹಾಕಿದರು.

ಚಂದ್ರಾಮ ಅವರ ಕೈ ಹಿಡಿದುಕೊಂಡ. ಮೂರು ವರ್ಷದಲ್ಲಿ ಗುರುವಿನ ಕೈ ಮುಟ್ಟಿದ್ದು ಅದೇ ಮೊದಲು. ಗಟ್ಟಿಯಾಗಿ ಅತ್ತ.

ಎದೆಮಟ್ಟ ಗುಂಡಿ ತೋಡಿ ಆ ಅನ್ನವನ್ನೆಲ್ಲ ಹೂತ. ಕೊಪ್ಪರಿಗೆಯನ್ನೂ ಹೂತ. ತೋಡುವಾಗ ಅಂಗೈಯಲ್ಲಿ ಬೊಬ್ಬೆಗಳೆದ್ದವು.

ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತ.

"ನಾ ಹೋಗತೇನ್ರಿ. ಇಲ್ಲಿರೂ ಯೋಗ್ಯತಿ ನನಗಿಲ್ಲ."

"ಹೋಗು," ಎಂದರು ಅವ್ವ. "ಹತ್ತೊಂಬತ್ತನ್ನೂ ಕರಕೊಂಡು ಹೋಗು."

ಚಂದ್ರಾಮ ಬಾಗಿಲಲ್ಲೇ ನಿಂತ. ಅಂಗಳದ ನಾಯಿಗಳನ್ನು ನೋಡಿ ಚೀಲ ಕೆಳಗಿಟ್ಟ.

ಮರುದಿನದಿಂದ ಅವ್ವ ತಾವೇ ಅಡುಗೆಮನೆಯಲ್ಲಿ ನಿಂತು ಅಕ್ಕಿ ಅಳೆಯತೊಡಗಿದರು. ಕೊನೆಯ ಪಂಗತಿಗೆ ಸಾಲದಿದ್ದರೆ ಬಿಸಿ ರೊಟ್ಟಿ ಬಡಿಸಿದರು. ಉಳಿದ ಚೂರುಪಾರು ಗುಂಡಿಗೆ ಹೋಯಿತು, ಮೇಲೆ ಮಣ್ಣು ಮುಚ್ಚಿತು. ಹಳ್ಳದಾಚೆ ಒಂದು ಅಗುಳೂ ಬೀಳಲಿಲ್ಲ.

ಭಕ್ತರಿಗೆ ಸಿಟ್ಟು ಬಂತು. "ಬಾಯಿಲ್ಲದ ಜೀವಕ್ಕ ಅನ್ನ ಇಲ್ಲ ಅಂದ್ರ ಇದೆಂಥಾ ದಾಸೋಹ?" ಎಂದು ಒಬ್ಬರು ಎದ್ದು ನಿಂತು ಕೇಳಿದರು.

"ಹೌದಲ್ಲ," ಎಂದರು ಅವ್ವ. "ಚಂದ್ರಾಮ, ಇವರಿಗೊಂದು ನಾಯಿ ಕೊಡು. ಮನಿಗೆ ಒಯ್ದು ಅನ್ನ ಹಾಕ್ತಾರ."

ಅವರು ಕೂತುಬಿಟ್ಟರು. ಆದರೆ ಅವರ ಹೆಂಡತಿ ಒಂದು ಮರಿ ಕೇಳಿ ತೆಗೆದುಕೊಂಡು ಹೋದರು.

ಚಂದ್ರಾಮ ಒಂದೊಂದೇ ನಾಯಿಯನ್ನು ಹಗ್ಗ ಹಾಕಿ ಹಿಡಿದ. ಟಂಟಂ ಗಾಡಿಯಲ್ಲಿ ತಾಲೂಕಿನ ದನದ ಡಾಕ್ಟರ ಹತ್ತಿರ ಒಯ್ದ. ಮರಿಯಾಗದಂತೆ ಆಪರೇಷನ್, ರೋಗಕ್ಕೆ ಸೂಜಿ. ಆಮೇಲೆ ಊರೂರು ತಿರುಗಿದ. ಯಾರ ಮನೆಯ ಅಂಗಳ ದೊಡ್ಡದು, ಯಾರ ಮನೆಯ ನಾಯಿ ಸತ್ತಿದೆ, ಕೇಳುತ್ತ ನಡೆದ. ಕೆಲವರು ಒಂದು ಮಾತಿಗೆ ಒಪ್ಪಿದರು. ಕೆಲವರು ಗದರಿ ಕಳಿಸಿದರು. ಕಟ್ಟಿ ಹಾಕಿ ಸಾಕುವವರಿಗಷ್ಟೇ ಕೊಟ್ಟ. ಎರಡು ಸಲ ಕೊಟ್ಟ ನಾಯಿ ಹಗ್ಗ ಕಡಿದು ಹಳ್ಳಕ್ಕೇ ವಾಪಸು ಬಂತು. ಮತ್ತೆ ಹಿಡಿದ, ಮತ್ತೆ ನಡೆದ. ಒಂದು ನಾಯಿ ಅವನ ಮುಂಗೈ ಕಚ್ಚಿತು. ಅವನೂ ಆಸ್ಪತ್ರೆಯ ಸೂಜಿ ತೆಗೆದುಕೊಂಡ.

ಇದಕ್ಕೆ ಎರಡು ವರ್ಷ ಹಿಡಿಯಿತು.

ಕೊನೆಗೆ ಕಾಳಿ ಉಳಿಯಿತು. ಅದನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಚಂದ್ರಾಮ ಅದರ ಹಗ್ಗವನ್ನು ತನ್ನ ನಡುವಿಗೆ ಕಟ್ಟಿಕೊಂಡ. ಕಸ ಗುಡಿಸುವಾಗ, ನೀರು ಸೇದುವಾಗ, ಉಣ್ಣುವಾಗ ಕಾಳಿ ಜೊತೆಗೇ. ಹಳ್ಳದಾಚೆ ಚಿಗರಿ ಕಂಡರೆ ಅದು ಒಮ್ಮೆಲೇ ಜಗ್ಗುತ್ತಿತ್ತು. ಅವನ ಸೊಂಟ ನೋಯುತ್ತಿತ್ತು. ಜಗ್ಗುವುದು ನಿಲ್ಲುವ ತನಕ ಅವನು ಒಂದೇ ಕಡೆ ಕೂತಿರಬೇಕಾಗುತ್ತಿತ್ತು. ಒಂದೊಂದು ದಿನ ಇಡೀ ಮುಂಜಾನೆ ಹಾಗೆಯೇ ಹೋಗುತ್ತಿತ್ತು.

ಒಂದು ದಿನ ಮಾಳಿಂಗರಾಯ ಹಳ್ಳ ದಾಟಿ ಬಂದ. ಮುಖ ಕಪ್ಪಿಟ್ಟಿತ್ತು.

"ನನ್ನ ಕುರಿಮರಿ ಹೋತು," ಎಂದ. "ತೋಳ ಬಂದೈತಿ. ಜೋಡಿ."

"ಬಂದಾವ? ಕಾಕಾ, ಖರೇನ ಬಂದಾವ?" ಚಂದ್ರಾಮ ಎದ್ದು ನಿಂತ. ಮುಖ ನಗುತ್ತಿತ್ತು.

"ನನ್ನ ಮರಿ ಹೋಗೇತಿ. ನೀ ನಗ್ತಿ?"

ಚಂದ್ರಾಮನ ತಲೆ ತಗ್ಗಿತು.

"ತಪ್ಪಾತು ಕಾಕಾ," ಎಂದ ಚಂದ್ರಾಮ. "ನಾಳೆಯಿಂದ ಮರಿಗೋಳ ಹಿಂದ ನಾ ನಡೀತೇನಿ. ನಿನಗ ಒಬ್ಬನ ಕಣ್ಣು ಸಾಲಂಗಿಲ್ಲ."

ಮಾಳಿಂಗರಾಯ ಕಂಬಳಿ ಹೆಗಲಿಗೇರಿಸಿದ. "ನಾಯಿನ ಇಲ್ಲೇ ಬಿಟ್ಟು ಬಾ," ಎಂದು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ತೋಳ ನಮ್ಮಪ್ಪನ ಕಾಲದಿಂದ ಒಯ್ತಾವ. ಅದಕ್ಕ ನಾ ಅಳಂಗಿಲ್ಲ. ನಿನ್ನ ನಗು ನೋಡಿ ಸಂಕಟ ಆತು."

ಅಂದಿನಿಂದ ಹಗಲೆಲ್ಲ ಚಂದ್ರಾಮ ಮರಿಗಳ ಹಿಂದೆ ನಡೆದ. ಕಾಳಿಯ ಹಗ್ಗ ಅವ್ವನ ಮಂಚದ ಕಾಲಿಗೆ.

ಆ ಮಾಘದಲ್ಲಿ ಹುಲ್ಲಿನೊಳಗಿಂದ ಚಿಗರಿ ಮರಿಗಳು ಎದ್ದು ತಾಯಂದಿರ ಹಿಂದೆ ನೆಗೆದಾಡಿದವು. ಚಂದ್ರಾಮ ದೂರದಿಂದ ನೋಡಿದ. ಆದರೂ ಅವನಿಗೆ ಸಮಾಧಾನವಿರಲಿಲ್ಲ. ಸಂಜೆ ಬಂದವನೇ ಅವ್ವನ ಮುಂದೆ ಶತಪಥ ತಿರುಗತೊಡಗಿದ.

"ಅವ್ವಾರ, ಬ್ಯಾಸಗಿ ಬರಾಕತ್ತೈತಿ. ಹುಲ್ಲಿನ ನಡುವ ಒಂದು ನೀರಿನ ತೊಟ್ಟಿ ಕಟ್ಟಲೇನ್ರಿ?"

"ಅವು ಹಳ್ಳದ ಮಡುವಿನ್ಯಾಗ ಕುಡೀತಾವ."

"ನೆರಳಿಲ್ರಿ ಅವಕ್ಕ. ನೂರು ಗಿಡ ಹಚ್ಚತೇನಿ."

"ಮರ ಬೆಳದ್ರ ಹುಲ್ಲು ಎಲ್ಲಿಗೆ ಹೋಗಬೇಕು?"

"ಮರಿಗಳಿಗೆ ಹುರುಳಿ ನೆನಸಿ ಹಾಕ್ತೇನ್ರಿ. ಬರೇ ತಾಯಿ ಹಾಲು ಬತ್ತಿದ ದಿನ ಅಷ್ಟ…"

ಹೂತ ಕೊಪ್ಪರಿಗೆ ನೆನಪಾಯಿತು. ಅವನೇ ನಿಂತ.

ಗುರುವಿನ ಎದುರಿಗೆ ಮೊಣಕಾಲೂರಿ ಕೂತ.

"ನಾ ಅವಕ್ಕ ಸಾವು ಕೊಟ್ಟಾವ ಅವ್ವಾರ. ಎರಡು ವರ್ಷ ಬರೇ ನನ್ನ ತಪ್ಪು ವಾಪಸು ತಗೊಂಡೇನಿ, ಅಷ್ಟ. ಕೊಡಾಕ ಏನೂ ಕೊಟ್ಟಿಲ್ಲ. ನನ್ನ ಕೈ ಸುಮ್ಮನಿರವಲ್ದು. ಆ ಚಿಗರಿಗೆ ನಾ ಏನು ಕೊಡಲಿ, ಹೇಳ್ರಿ."

ಗಂಗಮಾಳವ್ವ ಹಳ್ಳದಾಚೆ ನೋಡಿದರು. ಬಿಸಿಲು ಇಳಿಯುತ್ತಿತ್ತು. ಹುಲ್ಲಿನಲ್ಲಿ ಒಂದು ಗಂಡು ಚಿಗರಿ ತಲೆ ಎತ್ತಿ ಆಶ್ರಮದ ಕಡೆಗೇ ಕಿವಿ ಕೊಟ್ಟು ನಿಂತಿತ್ತು.

"ನೀ ಇಲ್ಲದ ಒಂದು ಮುಂಜಾನಿ ಕೊಡು."