ಎಲ್ಲಕ್ಕಿಂತ ದೂರ ಹೋದ ಬೂಟು

ಗಣಿ ಕಾಲೋನಿಯ ಮೈದಾನದಲ್ಲಿ ಕಾರ್ಮಿಕರ ಮನೆಮಂದಿಯೆಲ್ಲ ಸೇರಿ ಯಾರ ಬೂಟು ಹೆಚ್ಚು ದೂರ ಹೋಗುತ್ತದೆಂದು ಬೂಟು ಎಸೆಯುವ ಪಂದ್ಯ ಹೂಡಿದ್ದರು. ಕೆಂಚ ಎಂಬ ನಾಯಿ ಕಣ್ಣುಬಾಯಿ ಬಿಟ್ಟು ನೋಡಿತು. ಹುಟ್ಟಿದಾಗಿನಿಂದ ಅದು ಕಂಡ ಬೂಟುಗಳೆಲ್ಲ ತನ್ನ ಬೆನ್ನಿಗೇ ಬಂದಿದ್ದವು. ಇಲ್ಲಿ ನೋಡಿದರೆ ಬೂಟು ಬರೀ ನೆಲಕ್ಕೆ ಬೀಳುತ್ತಿದೆ, ಜನ ನಗುತ್ತಿದ್ದಾರೆ!

ಅದರ ಯಜಮಾನ ಚೌರಪ್ಪನ ಬೂಟು ಎಲ್ಲರ ಬೂಟಿಗಿಂತ ಹತ್ತಿರ ಬಿತ್ತು. ಕೆಂಚ ಅಳುಕುತ್ತಲೇ ಅದರ ಬಳಿ ಹೋಗಿ ಕೇಳಿತು, "ಬೂಟಣ್ಣಾ, ಇವತ್ತು ನನಗೆ ಹೊಡೆಯುವುದಿಲ್ಲವೆ?"

"ಹೆದರಬೇಡ, ಇದು ಆಟ. ಆಟದಲ್ಲಿ ನಾನು ಯಾರ ಮೇಲೂ ಬೀಳುವುದಿಲ್ಲ," ಎಂದಿತು ಬೂಟು.

ಚೌರಪ್ಪ ಮುಖ ಗಂಟಿಕ್ಕಿಕೊಂಡು ಬಂದು ಬೂಟು ಎತ್ತಿಕೊಂಡು ಎಸೆಯುವ ಗೆರೆಗೆ ಮರಳಿದ. ಕೆಂಚ ಬಾಲ ಅಲ್ಲಾಡಿಸುತ್ತಾ ಹಿಂದೆಯೇ ಹೋಗಿ ಕುಣಿಯಿತು. ಜನ ಇನ್ನಷ್ಟು ನಕ್ಕರು.

"ನಿನಗೂ ನಾನು ತಮಾಷೆಯೇನೋ!" ಎಂದು ಚೌರಪ್ಪ ಗದರಿದ. ಕೆಂಚ ಮೈದಾನದ ಆಚೆ ತುದಿಯತ್ತ ಎದ್ದುಬಿದ್ದು ಓಡಿತು. ಹಿಂದಿನಿಂದ ಬೀಸಿ ಬಂದ ಬೂಟು ಉಳಿದವರ ಬೂಟು ಬಿದ್ದಲ್ಲಿ ನೆಟ್ಟ ಗುರುತಿನ ಗೂಟಗಳನ್ನೆಲ್ಲ ದಾಟಿ ಅದರ ಬೆನ್ನಿಗೆ ಬಡಿಯಿತು.

"ಆಟ ಅಂದೆಯಲ್ಲಣ್ಣಾ?" ಎಂದು ಕೆಂಚ ಕುಂಯ್‌ಗುಟ್ಟಿತು.

ಅತ್ತ ತೀರ್ಪುಗಾರ ಕೂಗಿದ: "ಭಲೇ ಚೌರಪ್ಪ! ಇದನ್ನೇ ಲೆಕ್ಕಕ್ಕೆ ಹಿಡಿಯೋಣ. ಮೊದಲ ಬಹುಮಾನ ನಿನ್ನದೇ!"

ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು.