ಆರು ಡಬ್ಬಿಯ ಆಯೇರಿ

ಊರ ಸಿರಿವಂತರ ದೊಡ್ಡ ಮನೆಯಾದ ವಾಡೆಯ ಚಂದ್ರಾಬಾಯಿಯವರು ಹಳೇ ಸೀರೆ ಕೊಟ್ಟು ದುಂಡವ್ವನ ಕೈಲಿ ಕೌದಿ ಹೊಲಿಸಿದರು. ಉಳಿದ ಚೂರುಗಳಲ್ಲಿ ದುಂಡವ್ವ ಒಳಗೆ ರಟ್ಟಿಟ್ಟು, ಮುಚ್ಚಳ ಸಮೇತ ಆರು ಚಂದದ ಡಬ್ಬಿ ಹೊಲಿದಳು. ಸಂತೆಯಲ್ಲಿ ಮಾರುವ ಆಸೆ ಅವಳದು.

ಸುದ್ದಿ ವಾಡೆಗೆ ಮುಟ್ಟಿತು. "ಚೂರು ನನ್ನವು, ಡಬ್ಬಿನೂ ನನ್ನವ. ಒಂದೂ ಬಿಡದ ತಂದು ಒಪ್ಪಿಸು!" ಎಂದರು ಬಾಯಿಯವರು.

"ಆತ್ರೀ ಅವ್ವಾರ," ಅಂದಳು ದುಂಡವ್ವ.

ತಂದಳು. ಆದರೆ ವಾಡೆಯ ಮೊಮ್ಮಗಳ ತೊಟ್ಟಿಲ ಕಾರ್ಯದ ದಿನ, ಊರೆಲ್ಲ ಕೂತಿರುವಾಗ, ಆರರಲ್ಲೂ ಸಕ್ಕರೆ ತುಂಬಿ ತಂದಳು. ಬಂದ ಉಡುಗೊರೆಯನ್ನು ಎಲ್ಲರೆದುರು ಕೂಗಿ ಹೇಳುವುದು ಅಲ್ಲಿನ ಪದ್ಧತಿ. ಕೂಗುವವನು ಗಂಟಲು ಹರಿಯುವಂತೆ ಕೂಗಿದ: "ಕೌದಿ ದುಂಡವ್ವನ ಆಯೇರಿ, ಆರು ಡಬ್ಬಿ!"

ಡಬ್ಬಿಗಳು ಕೈಯಿಂದ ಕೈಗೆ ಹೋದವು. ಹೆಂಗಸರು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಎಲ್ಲರೂ ಬಾಯಿಯವರ ಮುಖ ನೋಡಿದರು. ಆಯೇರಿ ಬಂದರೆ ತಿರುಗಿ ಆಯೇರಿ ಮಾಡಬೇಕು. ವಾಡೆಯವರಾದರೆ ಒಂದು ಕೈ ಹೆಚ್ಚೇ ಮಾಡಬೇಕು!

ಬಾಯಿಯವರು ಬೆವರು ಒರೆಸಿಕೊಂಡು ಕೇಳಿದರು: "ನಿನಗೇನ್ ಬೇಕ?"

"ಅಟ್ಟದ ಮ್ಯಾಲಿನ ಹಳೇ ಸೀರಿ ಪೆಟ್ಟಿಗಿ ಸಾಕ್ರೀ. ಉಳಿದ ಚೂರು ಮುಂದಿನ ಕಾರ್ಯಕ್ಕ ಹಿಂಗ ತಂದು ಒಪ್ಪಿಸ್ತೀನ್ರಿ."

ಬಾಯಿಯವರು ಎರಡೂ ಕೈ ಮುಗಿದರು. "ಬ್ಯಾಡ ನಮ್ಮವ್ವ! ಪೆಟ್ಟಿಗಿ ಒಯ್ಯಿ, ಚೂರೂ ನೀನ ಇಟ್ಕೋ!"