ತೂಬಿಗಿಳಿದ ದುಗ್ಗವ್ವ

ಇದು ನಮ್ಮ ಮುತ್ತಜ್ಜನೂ ಕೇಳಿದ್ದೇ ಹೊರತು ಕಂಡಿದ್ದಲ್ಲ. ಬಹಳ ಹಿಂದೆ ಕಂಚಿನಕೆರೆ ಅಂತ ಒಂದೂರಿತ್ತಂತೆ. ಪರಂಗಿಯವರ ಕೈಕೆಳಗೆ ಇನ್ನು ಇರೋದಿಲ್ಲ ಅಂತ ಸುತ್ತಲ ಸೀಮೆಯೆಲ್ಲ ಎದ್ದು ನಿಂತಾಗ ಈ ಊರೂ ಎದ್ದಿತಂತೆ. ಅವರ ಅಮಲ್ದಾರನನ್ನು ಹೊಳೆಯಾಚೆಗೆ ಅಟ್ಟಿದರು. ಗಟ್ಟಿಮುಟ್ಟಾದ ಗಂಡಸರು ಕೋವಿ ಹಿಡಿದು ಗುಡ್ಡ ಸೇರಿದರು. ಉಳಿದವರು ಮೂರು ದಿನ ಡೊಳ್ಳು ಬಡಿದು ಕುಣಿದರಂತೆ.

ನಾಲ್ಕನೇ ದಿನ ಶುರುವಾಯಿತು ನೋಡಿ ರಗಳೆ! ಕೆರೆನೀರು ಮೊದಲು ಯಾರ ಗದ್ದೆಗೆ? ಹೆದರಿಸೋರು ಯಾರೂ ಇಲ್ಲವಲ್ಲ, ತೂಬಿನ ಹತ್ತಿರ ಗುದ್ದಲಿ ಎತ್ತಿಕೊಂಡು ನಿಂತರು. ಹೀಗೆ ಒಳಗೊಳಗೇ ಹೊಡೆದಾಡಿಕೊಂಡರೆ ಅಮಲ್ದಾರ ಹೊಳೆ ದಾಟಿ ಬರೋದಕ್ಕೆ ಎಷ್ಟು ಹೊತ್ತು? ಗುಡ್ಡದಲ್ಲಿ ಕಾದಾಡೋರಿಗೆ ಬುತ್ತಿ ಕಳಿಸೋರಾದರೂ ಯಾರು?

ಆಗ ಊರವರಿಗೆ ನೆನಪಾದವಳು ನೀರುಗಂಟಿ ದುಗ್ಗವ್ವ. ಗಂಡ ಸತ್ತ ಮೇಲೆ ಗದ್ದೆಗಳಿಗೆ ಸರದಿಯಂತೆ ನೀರು ಬಿಡೋ ಕೆಲಸ ಅವಳದೇ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ಹಂಡೆಯ ನೀರಲ್ಲಿ ತೇಲಿಬಿಡೋಳು. ಬಟ್ಟಲು ತುಂಬಿ ಮುಳುಗಿತೋ, ಒಬ್ಬರ ಸರದಿ ಮುಗಿಯಿತು. ನೀರು ಹಂಚೋರಿಗೆ ಕೆರೆ ಕೆಳಗೆ ಸ್ವಂತ ಗದ್ದೆ ಇರಕೂಡದು ಅಂತ ಆ ಊರ ಕಟ್ಟಳೆ. ಗದ್ದೆ ಇಲ್ಲದೋಳು, ಇವಳೇ ಇನ್ನು ನಮ್ಮ ಸರ್ಕಾರ ಅಂದರಂತೆ. ದುಗ್ಗವ್ವ ಒಪ್ಪಿದಳು. ಆದರೆ ಸರದಿ ಮುರಿದವರು, ಯಾರೇ ಆಗಲಿ, ಒಂದು ಬಟ್ಟಲು ಮುಳುಗೋವರೆಗೆ ತೂಬಿನ ಗುಂಡಿಯೊಳಗೆ ಎದೆಮಟ್ಟದ ನೀರಲ್ಲಿ ನಿಲ್ಲಬೇಕು ಅಂದಳು.

ಮೊದಲು ಸಿಕ್ಕಿಬಿದ್ದವನು ಊರ ಗೌಡ ಹಾಲಪ್ಪ. ನಿಂತ, ನಡುಗಿದ, ಹಲ್ಲು ಕಡಿದ. ಮನೆಗೆ ಹೋದವನೇ ಗುಟ್ಟಾಗಿ ಅಮಲ್ದಾರನಿಗೆ ಹೇಳಿಕಳಿಸಿದ: ಊರು ಒಡೆದಿದೆ, ಬನ್ನಿ, ನಾನೇ ಎದುರುಗೊಳ್ತೀನಿ ಅಂತ.

ಇತ್ತ ದುಗ್ಗವ್ವನ ಮಗಳು ತುಂಬಿದ ಬಸುರಿ. ಅಳಿಯ ಗುಡ್ಡದಲ್ಲಿ, ಅವನ ಗದ್ದೆಯಲ್ಲಿ ಪೈರು ಬಾಡುತ್ತಿತ್ತು. ಹೆತ್ತ ಕರುಳು, ಏನು ಮಾಡ್ತೀರಿ? ಒಂದು ಬೆಳಗ್ಗೆ ಬಟ್ಟಲು ಮುಳುಗಿದರೂ ಆ ಗದ್ದೆಯ ನೀರು ಕಟ್ಟಲಿಲ್ಲ. ಇನ್ನೊಂದು ಬಟ್ಟಲ ಹೊತ್ತು ಹರಿಯೋಕೆ ಬಿಟ್ಟಳು. ಯಾರೂ ನೋಡಿರಲಿಲ್ಲ. ಅವಳೇ ಊರವರನ್ನೆಲ್ಲ ಕೆರೆ ಏರಿ ಮೇಲೆ ಕೂಡಿಸಿ, ನಾನು ನೀರು ಕದ್ದೆ ಅಂದಳಂತೆ. ಹೋಗಲಿ ಬಿಡವ್ವ ಅಂದರು ಹೆಂಗಸರು. ಅವಳು ಕೇಳಬೇಕಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗಿಳಿದಳು.

"ಗೌಡ್ರೇ, ಬಟ್ಟಲು ನೀವೇ ಬಿಡಿ. ನಿಮಗಾಗಿದ್ದೇ ನನಗೂ ಆಗಲಿ" ಅಂದಳು.

ಗೌಡ ಬಟ್ಟಲು ಬಿಟ್ಟ.

ಅದೇ ಹೊತ್ತಿಗೆ ಅಮಲ್ದಾರ ಬಂದ. ಜೊತೆಗೆ ಹತ್ತು ಸಿಪಾಯಿಗಳು ಅಂತಾರೆ. ನಮ್ಮ ದೊಡ್ಡಮ್ಮನ ಬಾಯಲ್ಲಿ ಅದು ನೂರಾಗಿತ್ತು. ನೋಡಿದರೆ ಊರಿಗೆ ಊರೇ ಏರಿ ಮೇಲೆ ಒಟ್ಟಾಗಿ ನಿಂತಿದೆ. ಒಡೆದ ಊರು ಎಲ್ಲಿ ಅಂತ ಗೌಡನ ಮುಖ ನೋಡಿದ. ಗೌಡ ಪೇಟ ಬಿಚ್ಚಿಟ್ಟ. ಇವನನ್ನು ಕರೆಸಿದವನು ನಾನೇ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ, ದುಗ್ಗವ್ವನ ಪಕ್ಕದಲ್ಲೇ ನೀರಿಗಿಳಿದ.

"ನಮ್ಮ ಸರ್ಕಾರ ಕೆಲಸದಲ್ಲಿದೆ ಸ್ವಾಮಿ, ತಾವಿನ್ನು ಹೊರಡಿ" ಅಂದನಂತೆ.

ಎದುರುಗೊಳ್ಳೋರೇ ಇಲ್ಲದ ಮೇಲೆ ಅಮಲ್ದಾರ ಏನು ಮಾಡಿಯಾನು? ಬಂದ ದಾರಿ ಹಿಡಿದ.

ಇವತ್ತಿಗೂ ಅಲ್ಲಿ ಪಂಚಾಯ್ತಿಗೆ ಗೆದ್ದವರು ಕುರ್ಚಿ ಮೇಲೆ ಕೂರೋ ಮುಂಚೆ ತೂಬಿನ ಗುಂಡಿಯಲ್ಲಿ ಒಂದು ಬಟ್ಟಲ ಹೊತ್ತು ನಿಲ್ಲಬೇಕು. ನಾನಿನ್ನೂ ಏನೂ ತಪ್ಪು ಮಾಡಿಲ್ಲವಲ್ಲ ಅಂತ ಯಾರಾದರೂ ಗೊಣಗಿದರೆ ಊರ ಹೆಂಗಸರು ನಗ್ತಾರೆ.

"ದುಗ್ಗವ್ವನಂಥೋಳೇ ತಪ್ಪು ಮಾಡಿದಳು, ನೀನು ಬಿಡ್ತೀಯೇನಪ್ಪ? ಇಳಿ, ಇಳಿ!"